ಜೀವನಚಕ್ರದ ಪಾಠಕ್ಕೆ ಅಡ್ಡಬಂದ ಹುಳು

ಇವತ್ತು ಸಂಜೆ ಕಂಡದ್ದನ್ನು ಇಲ್ಲಿ ಬರೆದು ಹಾಕದಿದ್ದರೆ ನನಗೆ ಊಟ ಸೇರುವುದಿಲ್ಲ.

ಶಾಲೆ ಬಿಟ್ಟ ಮೇಲೆ ನಮ್ಮ ಸೊಸೈಟಿಯ ಹಾಲ್‌ನಲ್ಲಿ ಮಕ್ಕಳಿಗೊಂದು ವಿಜ್ಞಾನದ ಕ್ಲಾಸ್ ನಡೆಯುತ್ತದೆ. ತಿಂಗಳಿಗೆ 2,000 ರೂಪಾಯಿ. ತಂಗಿಯ ಮಗಳು ಹೋಗುತ್ತಾಳೆ, ಕರೆತರುವ ಕೆಲಸ ನನ್ನದು. ಇವತ್ತು ಚಿಟ್ಟೆಯ ಜೀವನಚಕ್ರ. ಪ್ರತಿ ಮಗುವಿಗೂ ಒಂದು ಡಬ್ಬಿ. ಅದರಲ್ಲಿ ಪ್ಲಾಸ್ಟಿಕ್ ಮೊಟ್ಟೆ, ಪ್ಲಾಸ್ಟಿಕ್ ಹುಳು, ಪ್ಲಾಸ್ಟಿಕ್ ಕೋಶ, ಮಿನುಗು ಬಳಿದ ಪ್ಲಾಸ್ಟಿಕ್ ಚಿಟ್ಟೆ. ಕಾಗದದ ತಟ್ಟೆಗೆ ಅಂಟಿಸಿ ನಾಲ್ಕು ಬಾಣ ಎಳೆದರೆ ಒಂದು ಜನ್ಮ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ಅಷ್ಟರಲ್ಲಿ ಬಾಗಿಲಾಚೆ ಕರಿಬೇವಿನ ಕುಂಡದ ಬಳಿ ಒಬ್ಬ ಹುಡುಗ “ಸುರವಂಟ! ಸುರವಂಟ!” ಎಂದು ಕಿರುಚಿದ. (ಪುಣೆಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಹುಳುವೂ ಮರಾಠಿಯಲ್ಲೇ ಕಾಣುತ್ತದೆ.) ಕೊಬ್ಬಿದ ಹಸಿರು ಹುಳು, ಎಲೆಯನ್ನು ಅಂಚಿನಿಂದ ಮೇಯುತ್ತಿತ್ತು. ಮಕ್ಕಳೆಲ್ಲ ಅಂಟು ಬಿಟ್ಟು ಓಡಿದರು. ಟೀಚರ್ ಏನು ಮಾಡಿದರು ಗೊತ್ತೇ? ಎಲ್ಲರನ್ನೂ ಒಳಗೆ ಅಟ್ಟಿ, ಅದನ್ನು ತೆಗೆದು ಬಿಸಾಡಿ ಎಂದು ಕಾವಲುಗಾರ ಕಾಕಾಗೆ ಹೇಳಿದರು. ಜೀವನಚಕ್ರದ ಪಾಠಕ್ಕೆ ಅಡ್ಡಿಯಾಗುತ್ತಿತ್ತಲ್ಲ!

ಮುಟ್ಟಿದರೆ ಮೈ ಕೆರೆಯುತ್ತದೆ, ಪಾಲಕರು ಜಗಳಕ್ಕೆ ಬರುತ್ತಾರೆ ಎಂಬುದು ಅವರ ಸಮಜಾಯಿಷಿ. ಸರಿ, ಕಂಬಳಿಹುಳುವಾದರೆ ಕೆರೆಯುತ್ತದೆ. ಇದರ ಮೈಮೇಲೆ ಕಂಬಳಿ ಎಲ್ಲಿದೆ? ಒಂದು ಕೂದಲೂ ಇಲ್ಲ. ಎಳೆಯದಿರುವಾಗ ಹಕ್ಕಿಯ ಹಿಕ್ಕೆಯಂತೆ ಕಂಡು ಹಕ್ಕಿಗಳನ್ನೇ ಏಮಾರಿಸುತ್ತದೆ. ನಾಲ್ಕನೆಯ ಸಲ ಪೊರೆ ಕಳಚಿದಾಗ ಎಲೆಯ ಬಣ್ಣಕ್ಕೆ ತಿರುಗುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬು ಚಾಚಿ ದುರ್ನಾತ ಬಿಡುತ್ತದೆ. ಇಷ್ಟೆಲ್ಲ ಬಿಟ್ಟಿಯಾಗಿ ಕುಂಡದಲ್ಲಿ ನಡೆಯುತ್ತಿದ್ದರೆ, ಒಳಗೆ ಮಕ್ಕಳು ಅಂಟು ಒಣಗಲೆಂದು ಊದುತ್ತಿದ್ದರು.

ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡು ಹಿಡಿದು ಮಕ್ಕಳಿಗೆ ರೇಖಾಗಣಿತ ತೋರಿಸಿದ ಅರವಿಂದ ಗುಪ್ತಾ ವರ್ಷಗಟ್ಟಲೆ ದುಡಿದದ್ದು ಇದೇ ಪುಣೆಯ ಖಗೋಳವಿಜ್ಞಾನ ಸಂಸ್ಥೆ ಅಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಕಸದಿಂದ ಆಟಿಕೆ ಮಾಡಿದರು. ನಾವು ಡಬ್ಬಿ ಕೊಂಡು ಕಸ ಮಾಡುತ್ತಿದ್ದೇವೆ.

ಇಷ್ಟು ಹಾರಾಡುವ ನಾನೇನು ಸಾಚಾ ಅಲ್ಲ. ಹೋದ ವರ್ಷ ನಮ್ಮ ಬಾಲ್ಕನಿಯ ಕರಿಬೇವಿಗೆ ಬಂದಿದ್ದ ಐದಾರು ಹುಳುಗಳನ್ನು ಸಾಬೂನು ನೀರಿನಲ್ಲಿ ಮುಳುಗಿಸಿದವಳು ನಾನೇ. ಒಗ್ಗರಣೆಗೆ ಎಲೆ ಉಳಿಯಲಿ ಎಂದು! ಬಿ.ಎಸ್‌ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದ್ದು ಆಗ ಎಲ್ಲಿ ಹೋಗಿತ್ತೋ.

ಕಾಕಾ ಮಾತ್ರ ಅದನ್ನು ಬಿಸಾಡಿರಲಿಲ್ಲ. ಅಂಗೈ ಮೇಲೆ ಇಟ್ಟುಕೊಂಡು ನಿಂತಿದ್ದರು. ಅವರ ಊರಿನ ನಿಂಬೆ ತೋಟದಲ್ಲಿ ಇಂಥವು ಬೇಕಾದಷ್ಟಂತೆ. ನನ್ನ ಕೈಗೆ ದಾಟಿಸಿ, ಟೀಚರ್‌ಗೆ ಹೇಳಬೇಡಿ ಎಂದರು.

ಈಗ ಅದು ಉಪ್ಪಿನಕಾಯಿಯ ಖಾಲಿ ಬಾಟಲಿಯಲ್ಲಿದೆ, ಬಾಯಿಗೆ ಹಳೆಯ ಸೊಳ್ಳೆಪರದೆಯ ತುಂಡು. ಇನ್ನು ರೇಷ್ಮೆಯ ಎಳೆಯಿಂದ ತನ್ನನ್ನು ಕಡ್ಡಿಗೆ ಬಿಗಿದುಕೊಂಡು ಕೋಶ ಕಟ್ಟಬೇಕು. ಅಂಟಿಸಿದ ತಟ್ಟೆ ಸೋಫಾದ ಕೆಳಗೆ ಸೇರಿದೆ. ಹುಡುಗಿ ಒಂಬತ್ತಾದರೂ ಊಟಕ್ಕೆ ಏಳುತ್ತಿಲ್ಲ. ಬಾಟಲಿಗೆ ಮೂಗು ಒತ್ತಿ ಕೂತಿದ್ದಾಳೆ.

“ದೊಡ್ಡಮ್ಮಾ, ಇನ್ನೊಂದು ಹಿಕ್ಕೆ ಹಾಕಿತು. ಹದಿನೇಳು!”