ಬಂಗುಡೆಯ ಕಿವಿರು ನೋಡುವ ನಾವು ಕಾರ್ಡಿನ ಪೆಟ್ಟಿಗೆ ತಿರುಗಿಸಿ ನೋಡುವುದಿಲ್ಲ

ಅಕ್ಕನ ಮಗ ಈಗಷ್ಟೇ ಬಂದು ಹೋದ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟು ಅವನ ಮೇಲಲ್ಲ.

ನನ್ನ ಕೆಲಸ ನಿಮಗೆಲ್ಲ ಗೊತ್ತೇ ಇದೆ. ಮದುವೆ, ಯಕ್ಷಗಾನ, ಬ್ರಹ್ಮಕಲಶ. ರಾತ್ರಿ ಶೂಟ್, ಹಗಲು ಎಡಿಟಿಂಗ್. ಈ ಹುಡುಗ ಎರಡು ವರ್ಷದಿಂದ ನನ್ನ ಜೊತೆ ಕ್ಯಾಮೆರಾ ಹಿಡಿಯುತ್ತಿದ್ದಾನೆ. ಈಗ ಸ್ವಂತ ಎಡಿಟಿಂಗ್ ಶುರು ಮಾಡಬೇಕು ಅಂತ ಕಂಪ್ಯೂಟರ್ ಮಾಡಿಸಿದ. ದುಡ್ಡು ಅಕ್ಕನ ಚೀಟಿಯದ್ದು. ಏನೇನು ಹಾಕಿಸಬೇಕು ಅಂತ ನಾನೇ ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದೆ. ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ (ವಿಡಿಯೋ ಕೆಲಸದ ಭಾರ ಹೊರುವ ಕಾರ್ಡ್), ಮೆಮೊರಿ 12 ಜಿಬಿ ಅಂತ ಬರೆದು ಆ 12ಕ್ಕೆ ಕೆಂಪು ಪೆನ್ನಿನಲ್ಲಿ ಎರಡು ಸುತ್ತು ಹಾಕಿದ್ದೆ. ಮಂಗಳೂರಿನ ಒಂದು ಅಂಗಡಿಯಿಂದ ಅವನು ತಂದದ್ದು 4060, 8 ಜಿಬಿ.

"ಎಂತ ಮಾರಾಯ ಇದು?" ಅಂದೆ.

"ಅಂಗಡಿಯವರು ಹೇಳಿದ್ರು ಮಾಮ, ಅದು ಹಳೇದಂತೆ, ಇದು ಹೊಸದು. ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ ಅಂತ."

ಎಂತ ಕೆಲಸಕ್ಕೆ ಬೇಕು ನಿನಗೆ ಅಂತ ಒಂದು ಮಾತು ಕೇಳಲಿಲ್ಲವಂತೆ. ಕೈಯಲ್ಲಿದ್ದ ಹಾಳೆಯನ್ನು ಓದಿ, ಮಡಚಿ, ವಾಪಸ್ ಕೊಟ್ಟರಂತೆ. ನನಗೆ ಉರಿಯುವುದು ಅಲ್ಲೇ. ನಾವು ಬಂಗುಡೆ ತಗೊಳ್ಳುವಾಗ ಕಿವಿರು ಎತ್ತಿ ಕೆಂಪಗಿದೆಯಾ ನೋಡುತ್ತೇವೆ, ಬೆರಳಲ್ಲಿ ಒತ್ತಿ ನೋಡುತ್ತೇವೆ. ಮೂವತ್ತು ಸಾವಿರದ ಹತ್ತಿರ ಕೊಟ್ಟು ತಗೊಳ್ಳುವ ಕಾರ್ಡಿಗೆ ಹೆಸರಿನ ನಂಬರ್ ಒಂದೇ ಸಾಕಾ?

ಒಳಗೆ ಏನಿದೆ ನೋಡಿ. 3060 ಬಂದದ್ದು 2021ರಲ್ಲಿ. ಲೆಕ್ಕ ಮಾಡುವ ಕೋರ್ 3584, 12 ಜಿಬಿ ಮೆಮೊರಿ, ಆ ಮೆಮೊರಿಗೆ ಹೋಗುವ ದಾರಿ 192 ಬಿಟ್, ಸೆಕೆಂಡಿಗೆ 360 ಜಿಬಿ ಓಡಾಡುತ್ತದೆ. 4060 ಬಂದದ್ದು 2023ರಲ್ಲಿ. 3072 ಕೋರ್, 8 ಜಿಬಿ, 128 ಬಿಟ್, ಸೆಕೆಂಡಿಗೆ 272 ಜಿಬಿ. ಹೆಸರಿನಲ್ಲಿ ಒಂದು ಸಾವಿರ ಜಾಸ್ತಿ ಆಗಿದೆ, ಒಳಗೆ ನಾಲ್ಕು ಕಡೆ ಕಡಿಮೆ ಆಗಿದೆ. ಇದು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ.

ಹಾಗಂತ 4060 ಕೆಟ್ಟ ಕಾರ್ಡ್ ಅಂತ ನಾನು ಹೇಳುವುದಿಲ್ಲ. ಕೋರ್ ಕಡಿಮೆ ಇದ್ದರೂ ಅವು ಓಡುವ ವೇಗ, ಅಂದರೆ ಬೂಸ್ಟ್, 2460 ಮೆಗಾಹರ್ಟ್ಸ್, 3060ಯದ್ದು 1777. ಚಿಪ್ ಒಳಗೇ ಇರುವ ಸಣ್ಣ ವೇಗದ ಮೆಮೊರಿ, ಎಲ್2 ಕ್ಯಾಶೆ, 24 ಎಂಬಿ, ಹಳೇದರಲ್ಲಿ 3 ಎಂಬಿ ಮಾತ್ರ. 1080ಪಿಯಲ್ಲಿ ಗೇಮ್ ಆಡುವವರಿಗೆ ಹೊಸದೇ ಮುಂದೆ, ಅದರಲ್ಲಿ ಎರಡು ಮಾತಿಲ್ಲ. ಕರೆಂಟ್ 115 ವ್ಯಾಟ್ ಸಾಕು, 3060ಗೆ 170 ಬೇಕು. ಏಪ್ರಿಲ್ ಸೆಕೆಯಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಕೂತವರಿಗೆ, ಮಳೆಗಾಲದಲ್ಲಿ ಸಣ್ಣ ಯುಪಿಎಸ್ ನಂಬಿಕೊಂಡು ಕೆಲಸ ಮಾಡುವವರಿಗೆ ಆ 55 ವ್ಯಾಟ್ ಸಣ್ಣದಲ್ಲ. ಎವಿ1 ಎಂಬ ಹೊಸ ಫಾರ್ಮ್ಯಾಟಿನಲ್ಲಿ ವಿಡಿಯೋ ಎನ್‌ಕೋಡ್ ಮಾಡುವುದು ಇವೆರಡರಲ್ಲಿ 4060 ಮಾತ್ರ. ಎಲ್ಲ ಒಪ್ಪುತ್ತೇನೆ. ಆದರೆ ಆ ಹುಡುಗ ಗೇಮ್ ಆಡಲಿಕ್ಕೆ ತಗೊಂಡದ್ದಲ್ಲವಲ್ಲ!

ಇವತ್ತು ಅವನ ಸಿಪಿಯು ನನ್ನ ಮೇಜಿನ ಮೇಲೇ ಇಟ್ಟು ನೋಡಿದೆವು. ಮೊದಲು ಒಂದು ಮದುವೆಯ ಸಣ್ಣ ಹೈಲೈಟ್ಸ್, 1080ಪಿ. ಅವನದ್ದು ಬೇಗ ಮುಗಿಯಿತು. ಹುಡುಗನ ಮುಖದಲ್ಲಿ ನಗು. ಆಮೇಲೆ ಕಳೆದ ವಾರದ ಯಕ್ಷಗಾನ ಬಯಲಾಟ ಹಾಕಿದೆ. 4ಕೆ, ರಾತ್ರಿ ಎರಡು ಗಂಟೆಯ ಶೂಟ್. ವೇಷದ ಹಿಂದಿನ ಕತ್ತಲಲ್ಲಿ ಇರುವೆ ಹರಿದ ಹಾಗೆ ಗ್ರೇನ್ಸ್. ಅದನ್ನು ತೆಗೆಯಬೇಕಾದರೆ ಎಡಿಟಿಂಗ್ ಸಾಫ್ಟ್‌ವೇರ್ ರಿಸಾಲ್ವ್‌ನಲ್ಲಿ ನಾಯ್ಸ್ ರಿಡಕ್ಷನ್ ಹಾಕಲೇಬೇಕು, ಅದು ಒಂದೊಂದು ಫ್ರೇಮಿಗೂ ಹಿಂದಿನದ್ದು ಮುಂದಿನದ್ದು ಎಲ್ಲ ಮೆಮೊರಿಯಲ್ಲಿ ಹಿಡಿದುಕೊಂಡು ಹೋಲಿಸಿ ನೋಡುತ್ತದೆ. ಅದರ ಮೇಲೆ ಕಲರ್, ಅದರ ಮೇಲೆ ಟೈಟಲ್. ರೆಂಡರ್ ಕೊಟ್ಟು ಸ್ವಲ್ಪ ಹೊತ್ತಿಗೆ ಅವನ ಸ್ಕ್ರೀನಿನಲ್ಲಿ ಜಿಪಿಯು ಮೆಮೊರಿ, ಅಂದರೆ ಕಾರ್ಡಿನ ಮೆಮೊರಿ, ಫುಲ್ ಅಂತ ಬಂತು, ರೆಂಡರ್ ನಿಂತಿತು. ಮತ್ತೊಮ್ಮೆ ಕೊಟ್ಟ. ಮತ್ತೆ ಅಲ್ಲೇ ನಿಂತಿತು. ಪಕ್ಕದಲ್ಲಿ ನನ್ನ 3060 ಅದೇ ಟೈಮ್‌ಲೈನನ್ನು ನಿಧಾನವಾಗಿ ಓಡಿಸುತ್ತಿತ್ತು, ಮೆಮೊರಿ 10 ಜಿಬಿ ತೋರಿಸುತ್ತಿತ್ತು. ನಿಧಾನ ಹೌದು, ಆದರೆ ಮುಗಿಸಿತು.

ಹುಡುಗ ಏನೂ ಮಾತಾಡಲಿಲ್ಲ. ಆ ಹಾಳೆಯನ್ನು ಕಿಸೆಯಿಂದ ತೆಗೆದು ಕೆಂಪು ಸುತ್ತನ್ನೇ ನೋಡುತ್ತಿದ್ದ.

ನನಗೆ ಇಷ್ಟು ಸಿಟ್ಟು ಬರಲು ಕಾರಣ ಇದೆ. ಇದನ್ನು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಕೆಲಸ ಶುರು ಮಾಡಿದ ಹೊತ್ತಿನಲ್ಲಿ ನಾನೂ ಹೀಗೇ ಒಂದು ಜಿಟಿ 1030 ಕಾರ್ಡ್ ತಗೊಂಡಿದ್ದೆ. ಒಂದೇ ಹೆಸರಿನಲ್ಲಿ ಎರಡು ಕಾರ್ಡ್ ಇತ್ತು. ಒಂದರಲ್ಲಿ ಜಿಡಿಡಿಆರ್5 ಮೆಮೊರಿ, ಸೆಕೆಂಡಿಗೆ 48 ಜಿಬಿ. 2018ರಲ್ಲಿ ಬಂದ ಇನ್ನೊಂದರಲ್ಲಿ ಡಿಡಿಆರ್4, ಸೆಕೆಂಡಿಗೆ 17 ಜಿಬಿ ಕೂಡ ಇಲ್ಲ. ನನಗೆ ಕೊಟ್ಟದ್ದು ಎರಡನೆಯದು, ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಒಂದು ಮನೆಯವರು ಮಗಳ ಮದುವೆ ವಿಡಿಯೋಕ್ಕೆ ತಿಂಗಳುಗಟ್ಟಲೆ ಕಾದರು. ಹುಡುಗಿ ದುಬೈಗೆ ಹೋಗುವ ಮೊದಲು ಕೊಡುತ್ತೇನೆ ಅಂದಿದ್ದೆ, ಕೊಡಲಿಕ್ಕೆ ಆಗಲಿಲ್ಲ. ಅವಳ ತಂದೆ ಬೈಯಲಿಲ್ಲ. ಸುಮ್ನೆ ಪೆನ್‌ಡ್ರೈವ್ ತಗೊಂಡು ಹೋದರು. ಈಗಲೂ ಅವರು ಪೇಟೆಯಲ್ಲಿ ಎದುರು ಸಿಕ್ಕರೆ ನನಗೆ ಮುಖ ಎತ್ತಲಿಕ್ಕೆ ಆಗುವುದಿಲ್ಲ.

ಗಿರಾಕಿಯೇ ಓದಿಕೊಂಡು ಬರಬೇಕು, ಎಲ್ಲ ಫೋನಿನಲ್ಲೇ ಸಿಗುತ್ತದಲ್ಲ ಅಂತ ಕೆಲವರು ಹೇಳಬಹುದು. ಈ ಹುಡುಗ ಬರೆದುಕೊಂಡೇ ಹೋಗಿದ್ದನಲ್ಲ? ಕೌಂಟರಿನ ಆಚೆ ನಿಂತವರು ಗಟ್ಟಿಯಾಗಿ ಹೇಳಿದರೆ ಇಪ್ಪತ್ತೆರಡು ವರ್ಷದವನು ಎಷ್ಟು ವಾದ ಮಾಡುತ್ತಾನೆ? "ನಿನಗೆ ಎಂತಕ್ಕೆ?" ಅಂತ ಒಂದು ಪ್ರಶ್ನೆ. ಅಷ್ಟು ಕೇಳಿದ್ದರೆ ಸಾಕಿತ್ತು.

3060 ಕೇಳುವವರೂ ಜಾಗ್ರತೆ. ಅದೇ ಹೆಸರಿನಲ್ಲಿ 8 ಜಿಬಿಯದ್ದೂ ಇದೆ, ಅದರ ದಾರಿಯೂ 128 ಬಿಟ್. 12 ಅಂತ ಇದೆಯಾ ಕಣ್ಣಾರೆ ನೋಡಿ. ಸಂಶಯ ಇದ್ದರೆ ಅಂಗಡಿಯಿಂದಲೇ ನನಗೆ ಫೋಟೋ ಕಳಿಸಿ, ನಾನು ಯಕ್ಷಗಾನದ ಶೂಟ್‌ನಲ್ಲಿದ್ದರೂ ನೋಡಿ ಉತ್ತರಿಸುತ್ತೇನೆ.

ಅಂಗಡಿಗೆ ಫೋನ್ ಮಾಡಿದೆವು. ಪೆಟ್ಟಿಗೆ ಒಡೆದದ್ದು ವಾಪಸ್ ಇಲ್ಲವಂತೆ. ಸೀಸನ್ ಮುಗಿಯುವ ಪತ್ತನಾಜೆಯವರೆಗೆ ಅವನಿಗೆ ಆರು ಯಕ್ಷಗಾನ ಆಟದ ಕೆಲಸ ಇದೆ, ಎಲ್ಲ ರಾತ್ರಿಯದ್ದು, ಎಲ್ಲ 4ಕೆ. ನನ್ನ ಕೈಯಲ್ಲಿ ಈಗ ಇರುವುದು ಮದುವೆಯ ರೀಲ್ಸ್ ಜಾಸ್ತಿ. ನನ್ನ ಮದರ್‌ಬೋರ್ಡ್ ಹಳೇ ಪಿಸಿಐಇ 3.0ದ್ದು (ಕಾರ್ಡ್ ಕೂರಿಸುವ ಜಾಗ), 4060ಗೆ ಡೇಟಾ ಹೋಗಿ ಬರುವ ದಾರಿ (ಲೇನ್) ಎಂಟು ಮಾತ್ರ, ಹಾಗಾಗಿ ಸ್ವಲ್ಪ ವೇಗ ಹೋಗುತ್ತದೆ, ಹೋಗಲಿ. ನನ್ನ 3060 ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದೇನೆ. ಉಪ್ಪು ಗಾಳಿಗೆ ಬ್ರಾಕೆಟ್ಟಿನ ಅಂಚು ಸ್ವಲ್ಪ ತುಕ್ಕು ಹಿಡಿದಿದೆ, ಫ್ಯಾನಿನ ಧೂಳು ಬ್ರಷ್‌ನಲ್ಲಿ ತೆಗೆದೆ. ನಾಳೆ ಬೆಳಿಗ್ಗೆ ಅವನು ಬಂದ ಕೂಡಲೇ ಅವನದ್ದಕ್ಕೆ ಹಾಕುತ್ತೇನೆ.