ವಾಲಗದವನಿಗೂ ಕೋಪ ಬರುತ್ತೆ

ಕುಂಭಕೋಣಕ್ಕೆ ಬಂದ ಮೊದಲ ವರ್ಷವೇ ನಮ್ಮ ಮನೆ ಮಾಲೀಕರು ಒಂದು ಭಾನುವಾರ ನನ್ನನ್ನು ಟಿವಿ ಮುಂದೆ ಕೂರಿಸಿ 'ತಿಲ್ಲಾನಾ ಮೋಹನಾಂಬಾಳ್' ತೋರಿಸಿದರು. "ಇದನ್ನ ನೋಡದವರಿಗೆ ಈ ಊರಲ್ಲಿ ಮನೆ ಬಾಡಿಗೆಗೆ ಕೊಡಬಾರದು ಸಾರ್" ಅಂತ ತಮಾಷೆ ಬೇರೆ. ನನಗೆ ಆಗ ತಮಿಳು ಅರ್ಧಂಬರ್ಧ. ಆದರೂ ಮೊದಲ ಹತ್ತು ನಿಮಿಷ ಸಾಕಾಯಿತು.

ದೇವಸ್ಥಾನದ ಉತ್ಸವ. ಶಿವಾಜಿ ಗಣೇಶನ್ ನಾದಸ್ವರ ಊದುತ್ತಿದ್ದಾರೆ. ನಡುವೆ ಬಾಣಬಿರುಸು ಶುರುವಾಗುತ್ತೆ, ಜನರ ಕಣ್ಣೆಲ್ಲ ಆಕಾಶದ ಕಡೆ. ಅವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಕೇಳೋರಿಲ್ಲದ ಮೇಲೆ ಊದೋದು ಯಾಕೆ?

ನಾನು ಬೆಚ್ಚಿಬಿದ್ದೆ. ನಾನು ತುಮಕೂರು ಕಡೆಯವನು. ವಾಲಗದವರು ಸಿಟ್ಟು ಮಾಡಿಕೊಳ್ಳಬಹುದು ಅನ್ನೋದೇ ಅಲ್ಲಿಯವರೆಗೂ ನನ್ನ ತಲೆಗೆ ಹೊಳೆದಿರಲಿಲ್ಲ.

ಸಿನಿಮಾ ಬಂದದ್ದು 1968ರಲ್ಲಿ. ಕೊತ್ತಮಂಗಲಂ ಸುಬ್ಬು 'ಆನಂದ ವಿಕಟನ್' ಪತ್ರಿಕೆಗೆ ಬರೆದ ಧಾರಾವಾಹಿಯನ್ನು ಎ.ಪಿ. ನಾಗರಾಜನ್ ತೆರೆಗೆ ತಂದರು. ನಾದಸ್ವರದ ಸಿಕ್ಕಲ್ ಷಣ್ಮುಗಸುಂದರಂ ಒಂದು ಕಡೆ, ನಾಟ್ಯದ ಮೋಹನಾ, ಅಂದರೆ ಪದ್ಮಿನಿ, ಇನ್ನೊಂದು ಕಡೆ. ಯಾರು ಹೆಚ್ಚು ಅನ್ನೋ ಪಂತ, ನಡುವೆ ಪ್ರೀತಿ. ಕಥೆ ಇಷ್ಟೇ. ತೆರೆಯ ಹಿಂದೆ ನಿಜವಾಗಿ ಊದಿದವರು ಮದುರೈನ ಅಣ್ಣತಮ್ಮಂದಿರಾದ ಸೇತುರಾಮನ್ ಮತ್ತು ಪೊನ್ನುಸಾಮಿ. ಶಿವಾಜಿಯ ಕೆನ್ನೆ ಉಬ್ಬೋದು, ಬೆರಳು ಓಡೋದು, ಉಸಿರು ಎಳೆಯೋದು ನೋಡಿದರೆ ಅದನ್ನು ನಂಬೋಕೇ ಆಗಲ್ಲ. ತ್ಯಾಗರಾಜರ 'ನಗುಮೋಮು' ಅಂತೂ ಅದೆಷ್ಟು ಸಲ ಕೇಳಿದ್ದೀನೋ.

ಚಿಕ್ಕವನಿದ್ದಾಗ ನಮ್ಮೂರ ಟೂರಿಂಗ್ ಟಾಕೀಸಿನಲ್ಲಿ ಅಪ್ಪನ ಪಕ್ಕ ಕೂತು 'ಸನಾದಿ ಅಪ್ಪಣ್ಣ' ನೋಡಿದ್ದೆ. 1977ರ ಚಿತ್ರ. ಇದರಲ್ಲೂ ಊದುವವನು ಒಬ್ಬ, ಕುಣಿಯುವವಳು ಒಬ್ಬಳು: ರಾಜ್‌ಕುಮಾರ್, ಜಯಪ್ರದಾ. ಶಹನಾಯಿ ಮಾತ್ರ ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರದೇ. ಜಿ.ಕೆ. ವೆಂಕಟೇಶ್ ಸಂಗೀತದ 'ಕರೆದರೂ ಕೇಳದೆ' ಹಾಡಿನಲ್ಲಿ ಎಸ್. ಜಾನಕಿಯವರ ದನಿಗೆ ಆ ಶಹನಾಯಿ ಉತ್ತರ ಕೊಡೋದು ಕೇಳಿದರೆ ಈಗಲೂ ಮೈ ಜುಂ ಅನ್ನುತ್ತೆ. (ಸನಾದಿ ಉತ್ತರ ಕರ್ನಾಟಕದ ವಾದ್ಯ, ನಮ್ಮ ಕಡೆಯದಲ್ಲ. ಆದರೂ ಅಪ್ಪಣ್ಣ ನಮ್ಮವನೇ ಅನಿಸಿದ್ದ.)

ಅಪ್ಪಣ್ಣನನ್ನು ನಾವು ಮೆಚ್ಚಿದ್ದು ಅವನ ಒಳ್ಳೆಯತನಕ್ಕೆ. ಪಾಪ, ಎಂಥ ಸಾಧು ಮನುಷ್ಯ ಅಂತ ಕಣ್ಣು ಒರೆಸಿಕೊಂಡೆವು. ತಮಿಳರು ಷಣ್ಮುಗಸುಂದರಂನನ್ನು ಮೆಚ್ಚಿದ್ದು ಅವನ ಗತ್ತಿಗೆ. ಅದು ಸುಮ್ನೆ ಹುಟ್ಟಿದ ಗತ್ತಲ್ಲ. ಇಲ್ಲೇ ಹತ್ತಿರದ ತಿರುವಾವಡುದುರೈಯಲ್ಲಿ ಟಿ.ಎನ್. ರಾಜರತ್ನಂ ಪಿಳ್ಳೈ ಅನ್ನೋ ನಾದಸ್ವರದ ದೊಡ್ಡ ವಿದ್ವಾಂಸರಿದ್ದರು. ಅವರು ತೀರಿಕೊಂಡದ್ದು 1956ರಲ್ಲಿ. ಅವರ ತೋಡಿ ರಾಗದ ಬಗ್ಗೆ, ಸಿಡುಕಿನ ಬಗ್ಗೆ ಟೀ ಅಂಗಡಿಯವರೂ ಮೊನ್ನೆ ಮೊನ್ನೆ ನಡೆದ ಹಾಗೆ ಹೇಳುತ್ತಾರೆ.

ಹಾಗಂತ ಷಣ್ಮುಗಸುಂದರಂ ಮಾಡಿದ್ದೆಲ್ಲ ನನಗೆ ಒಪ್ಪಿಗೆಯಿಲ್ಲ. ಮಾತೆತ್ತಿದರೆ ಮೋಹನಾ ಮೇಲೆ ಅನುಮಾನ. ಅವಳೂ ಅವನಷ್ಟೇ ದೊಡ್ಡ ಕಲಾವಿದೆ, ಆದರೆ ಬಗ್ಗುವ ಕೆಲಸ ಮಾತ್ರ ಯಾವಾಗಲೂ ಅವಳದು. ವಿಷದ ಚೂರಿ ತಾಗಿ ಚೇತರಿಸಿಕೊಂಡ ಅವನು ಮತ್ತೆ ಊದಲು ಕೂತಾಗ ಅವಳು ಕುಣಿಯುತ್ತಲೇ ಗಾಯ ವಾಸಿಯಾಯಿತಾ ಅಂತ ಕೇಳುತ್ತಾಳಲ್ಲ, ಅದೇ 'ನಲಂದಾನಾ'. ಕಣ್ಣದಾಸನ್ ಸಾಹಿತ್ಯ, ಕೆ.ವಿ. ಮಹಾದೇವನ್ ಸಂಗೀತ, ಹಾಡಿದ್ದು ಪಿ. ಸುಶೀಲಾ. ಅಷ್ಟು ಜನರ ಎದುರಿಗೆ, ಆದರೆ ಅವನೊಬ್ಬನಿಗೇ ತಿಳಿಯೋ ಹಾಗೆ ಕೇಳುತ್ತಾಳೆ. ಅವನು ನಾದಸ್ವರದಲ್ಲೇ ಉತ್ತರ ಕೊಡುತ್ತಾನೆ. ಅಷ್ಟು ಹೊತ್ತು ಅವನ ಜಂಭವನ್ನೆಲ್ಲ ಮನ್ನಿಸಿಬಿಡುತ್ತೀನಿ.

ಸಂಜೆ ದೇವರ ಉತ್ಸವ ಹೊರಟಾಗ ಇಲ್ಲಿ ನಾದಸ್ವರದಲ್ಲಿ ಮಲ್ಲಾರಿ ಅನ್ನೋ ಮೆರವಣಿಗೆಯ ನುಡಿ ನುಡಿಸುತ್ತಾರೆ, ಗಂಭೀರನಾಟ ರಾಗದಲ್ಲಿ. ಮೊನ್ನೆ ಗುಡಿ ಬೀದಿಯಲ್ಲಿ ಒಬ್ಬ ಆಟೋದವನು ಇಂಜಿನ್ ಆರಿಸಿ, ತವಿಲ್ ತನಿ, ಅಂದರೆ ಡೋಲಿನವನ ಒಂಟಿ ನುಡಿತ, ಮುಗಿಯೋವರೆಗೂ ಸ್ಟೀರಿಂಗ್ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ಕೂತಿದ್ದ. ಹಿಂದೆ ಕೂತ ಗಿರಾಕಿಯೂ ತುಟಿಪಿಟಕ್ ಅನ್ನಲಿಲ್ಲ. ಮದುವೆ ಮನೆಯ ಕಥೆ ಬೇರೆ ಬಿಡಿ. ಅಲ್ಲಿ ಇವರೂ ನಮ್ಮ ಹಾಗೇ ಹರಟುತ್ತಾರೆ. ಈಗೀಗ ಕೇರಳದ ಚೆಂಡೆಮೇಳ ಕರೆಸೋದೂ ಜಾಸ್ತಿಯಾಗಿದೆ. ತಾಳಿ ಕಟ್ಟೋ ಹೊತ್ತಿಗೆ ನಾವು 'ಗಟ್ಟಿಮೇಳ' ಅಂದರೆ ಅವರು 'ಕೆಟ್ಟಿಮೇಳಂ' ಅಂತಾರೆ, ಅಷ್ಟೇ.

ಹೋದ ವರ್ಷ ನಮ್ಮ ಕಡೆ ಒಂದು ಮದುವೆಗೆ ಹೋಗಿದ್ದೆ. ವಾಲಗದವರಿಗೆ ಚಾಪೆ ಹಾಸಿದ್ದು ಚಪ್ಪಲಿ ಬಿಡೋ ಜಾಗದ ಪಕ್ಕ. ವಾಲಗ ಅನ್ನೋ ಮಾತು ಬಂದದ್ದೇ ಓಲಗದಿಂದ; ಓಲಗ ಅಂದರೆ ಹಳೆಗನ್ನಡದಲ್ಲಿ ರಾಜನ ಸಭೆ! ವಯಸ್ಸಾದ ಒಬ್ಬರು ಸೀವಾಳಿಯನ್ನು, ಅಂದರೆ ನಾದಸ್ವರದ ತುದಿಗೆ ಸಿಕ್ಕಿಸುವ ಪೀಪಿಯನ್ನು, ಬಾಯಲ್ಲಿಟ್ಟು ನೆನೆಸುತ್ತಿದ್ದರು. ನಾದಸ್ವರದ ಕೊರಳಿಗೆ ದಾರದಲ್ಲಿ ಇನ್ನೆರಡು ಸೀವಾಳಿ, ಒಂದು ಸೂಜಿ ತೂಗುತ್ತಿದ್ದವು. ಪಾಪ, ಅಷ್ಟು ತಯಾರಿ ಮಾಡಿಕೊಂಡು ರಾಗ ಎತ್ತಿದರೆ, "ಏಯ್, ಸಾಕು ನಿಲ್ಸಯ್ಯ, ಫೋಟೋದವರ ಮಾತು ಕೇಳಿಸ್ತಿಲ್ಲ" ಅಂತ ಯಾರೋ ಕೂಗಿದರು. ಅವರು ನಿಲ್ಲಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾಗಿದ್ದು.

ಬರುವ ತಿಂಗಳು ನಮ್ಮಣ್ಣನ ಮಗಳ ಮದುವೆ. ವಾಲಗದವರಿಗೆ ಮಂಟಪದ ಪಕ್ಕ ಎತ್ತರದಲ್ಲಿ ಜಾಗ ಮಾಡಿಸು ಅಂತ ಅಣ್ಣನಿಗೆ ಫೋನ್ ಮಾಡಿದೆ. "ಆಯ್ತು ಕಣೋ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಮತ್ತೆ ಡಿಜೆ ಡಬ್ಬ ಎಲ್ಲಿಡೋದು?"