ಬುರುಡೆಯೂ ಬಾವಿಯೂ

ಪ್ರತಿ ಏಪ್ರಿಲ್‌ನಲ್ಲೂ ವಾಟ್ಸಾಪ್ ಗುಂಪುಗಳಲ್ಲಿ ಅದೇ ಜಾತಿಯ ಫೋಟೋ ಸುತ್ತಲು ಶುರುವಾಗುತ್ತದೆ. ಕಲ್ಲು ಕಟ್ಟಿದ ದೊಡ್ಡ ಬಾವಿ, ದಡದಿಂದ ಹಾರಿ ಗಾಳಿಯಲ್ಲೇ ನಿಂತಿರುವ ನಾಲ್ಕು ಹುಡುಗರು, ಕೆಳಗೆ ‘ಆ ದಿನಗಳು ಮತ್ತೆ ಬರಲ್ಲ’ ಎಂಬ ಒಕ್ಕಣೆ, ಅದರ ಕೆಳಗೆ ಅಳುಮುಖಗಳ ಸಾಲು. ಅಳಲಿ, ಬೇಡ ಅಂದವರ್ಯಾರು. ತಕರಾರಿರುವುದು ನೀರಿನ ಮಟ್ಟದ ಬಗ್ಗೆ. ಫೋಟೋದ ನೀರು ದಡಕ್ಕೆ ಮೂರೇ ಅಡಿ ಕೆಳಗಿದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೇಸಿಗೆ ರಜೆಯಲ್ಲಿ ಬಾವಿ ಹಾಗೆ ತುಂಬಿ ತುಳುಕುವುದುಂಟೇ? ಆ ಸೀಮೆಗೆ ಮಳೆಯ ದೊಡ್ಡ ಪಾಲು ಬರುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಬಾವಿ ಮೈದುಂಬುವುದು ದಸರಾ ದಾಟಿದ ಮೇಲೆ. ಏಪ್ರಿಲ್ ಹೊತ್ತಿಗೆ ಮೆಟ್ಟಿಲುಗಳು ಒಂದೊಂದಾಗಿ ಹೊರಬಿದ್ದು, ತಳದಲ್ಲಿ ಎಂಟು ಹತ್ತು ಅಡಿ ಉಳಿದಿದ್ದರೆ ಪುಣ್ಯ. ನೆನಪು ಮಾತ್ರ ದಸರೆಯ ನೀರನ್ನೂ ಬೇಸಿಗೆಯ ರಜೆಯನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಿಕೊಂಡು ಕಣ್ಣೊರೆಸಿಕೊಳ್ಳುತ್ತಿದೆ.

ನೀರು ಇಳಿದಿದ್ದರಿಂದಲೇ ಬೇಸಿಗೆಯಲ್ಲಿ ಈಜು ಕಲಿಸುತ್ತಿದ್ದರು ಅನ್ನುವುದು ಬೇರೆ ಮಾತು. ಮೆಟ್ಟಿಲು ಹೊರಗೆ ಕಂಡರೆ ಕಲಿಸುವವನಿಗೆ ನಿಲ್ಲಲು ಜಾಗ, ಕಲಿಯುವವನಿಗೆ ಹಿಡಿಯಲು ಕಲ್ಲು. ತುಂಬಿದ ಬಾವಿಯಲ್ಲಿ ಎರಡೂ ಇಲ್ಲ.

ಬಾವಿಗಳೆಲ್ಲ ಎಲ್ಲಿ ಹೋದವು, ನಲವತ್ತು ದಾಟಿದವರು ಅದಕ್ಕಾಗಿ ಯಾಕಿಷ್ಟು ಹಂಬಲಿಸುತ್ತಾರೆ ಎಂಬ ದೊಡ್ಡ ಪ್ರಶ್ನೆಗೆ ಆಮೇಲೆ ಬರೋಣ. ಅದಕ್ಕೆ ಮುಂಚೆ ಸೋರೆಬುರುಡೆಯ, ಅಂದರೆ ಈಜು ಕಲಿಯುವವರು ತೇಲಲೆಂದು ಮೈಗೆ ಕಟ್ಟಿಕೊಳ್ಳುತ್ತಿದ್ದ ಒಣ ಸೋರೆಕಾಯಿಯ, ವಿಚಾರವೊಂದನ್ನು ಇತ್ಯರ್ಥ ಮಾಡಿಬಿಡಬೇಕು. ‘ನಾವು ಬುರುಡೆ ಕಟ್ಟಿಕೊಂಡು ಈಜು ಕಲಿತವರು’ ಎಂದು ಎದೆ ತಟ್ಟಿಕೊಳ್ಳುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಆ ಬುರುಡೆ ಎಲ್ಲಿಂದ ಬಂತು, ಯಾರು ಒಣಗಿಸಿದರು, ಬೆನ್ನಿನ ಯಾವ ಜಾಗದಲ್ಲಿ ಕೂತಿತ್ತು ಒಂದೂ ಗೊತ್ತಿಲ್ಲ. ಅದು ಅಜ್ಜನ ಕೆಲಸವಾಗಿತ್ತು. ಇವರು ಬರೀ ಒದ್ದಾಡಿದವರು.

ಮೊದಲನೆಯದಾಗಿ, ಸಂತೆಯಲ್ಲಿ ಸಿಗುವ ಸಾರಿನ ಸೋರೆಕಾಯಿ ಇದಕ್ಕೆ ಬಾರದು. ಅದು ಎಳೆಯದು, ಒಣಗುವ ಮೊದಲೇ ಕೊಳೆಯುತ್ತದೆ. ಬೇಲಿಯ ಮೇಲೆ, ದನದ ಕೊಟ್ಟಿಗೆಯ ಸೂರಿನ ಮೇಲೆ ಬೀಜಕ್ಕೆಂದು ಬಿಟ್ಟ ಗುಂಡನೆಯ ಕಾಯಿಯೇ ಬೇಕು. ಕಹಿಸೋರೆಯಾದರೆ ಇನ್ನೂ ವಾಸಿ, ಅದರ ಓಡು ದಪ್ಪ. ಬಳ್ಳಿ ತಾನೇ ಒಣಗಿ, ತೊಟ್ಟು ಕಂದಾಗಿ, ಸಿಪ್ಪೆಗೆ ಉಗುರು ಒತ್ತಿದರೆ ಗುರುತು ಬೀಳದ ಹಂತಕ್ಕೆ ಬಂದಾಗ ಕೀಳಬೇಕು. ತೊಟ್ಟನ್ನು ಮೂರು ಬೆರಳಷ್ಟು ಉಳಿಸಿ ಕೊಯ್ಯಬೇಕು. ತೊಟ್ಟು ಕಿತ್ತು ಬಂದರೆ ಆ ತೂತಿನಿಂದಲೇ ಕೊಳೆ ಹಿಡಿಯುತ್ತದೆ, ಮುಂದೆ ನೀರೂ ಅಲ್ಲಿಂದಲೇ ಒಳಗೆ ಹೋಗುತ್ತದೆ.

ಆಮೇಲೆ ಗಾಳಿಯಾಡುವ ನೆರಳಿನಲ್ಲಿ ನೇತು ಹಾಕಿ ಮರೆತುಬಿಡುವುದು. ಬಿಸಿಲಿಗಿಟ್ಟರೆ ಓಡು ಸೀಳುತ್ತದೆ. ಎರಡು ಮೂರು ತಿಂಗಳಲ್ಲಿ ಮೈಮೇಲೆ ಬೂದುಬಣ್ಣದ ಬೂಷ್ಟು ಬರುತ್ತದೆ. ಹೊಸಬರು ಇದನ್ನು ನೋಡಿ ಕೆಟ್ಟುಹೋಯಿತೆಂದು ತಿಪ್ಪೆಗೆ ಎಸೆಯುತ್ತಾರೆ. ಬೂಷ್ಟು ಬರುವುದು ಒಳಗಿನ ನೀರು ಹೊರಗೆ ಬರುತ್ತಿದೆ ಎಂಬುದಕ್ಕೆ ಸಾಕ್ಷಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ತೂಗುಹಾಕಿದರೆ ಆಯಿತು. ಒತ್ತಿದರೆ ಮೆತ್ತಗೆ ತಗ್ಗುವ ಕಾಯಿ ಮಾತ್ರ ನಿಜವಾಗಿ ಕೆಟ್ಟದ್ದು. ಕೊನೆಗೊಂದು ದಿನ ಅಲ್ಲಾಡಿಸಿದಾಗ ಬೀಜ ಗಲಗಲ ಅನ್ನುತ್ತದೆ. ಬುರುಡೆ ಸಿದ್ಧ.

ಸಿದ್ಧವಾದ ಬುರುಡೆಯನ್ನು ಕೊರೆದು, ಬೀಜ ತೆಗೆದು, ಮೇಣ ಮೆತ್ತಿ ಮುಚ್ಚುವ ಬುದ್ಧಿವಂತರಿದ್ದಾರೆ. ತಂಬೂರಿ ಮಾಡುವುದಾದರೆ ಕೊರೆಯಲಿ. ಈಜಿಗೆ ಬೇಕಾದದ್ದು ಒಳಗಿನ ಗಾಳಿ, ಅದು ಮುಟ್ಟದೆ ಬಿಟ್ಟ ಬುರುಡೆಯಲ್ಲಿ ಭದ್ರವಾಗಿರುತ್ತದೆ. ಬೀಜದ ತೂಕ ಎಷ್ಟು ಮಹಾ?

ಲೆಕ್ಕ ಬೇಕಾದವರಿಗೆ: ಇಪ್ಪತ್ತು ಸೆಂಟಿಮೀಟರ್ ಅಡ್ಡಳತೆಯ ಗುಂಡು ಬುರುಡೆ ಸುಮಾರು 4 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಅದರ ಸ್ವಂತ ತೂಕ ಕಳೆದರೂ ಮೂರೂವರೆ ಕೆ.ಜಿ.ಯಷ್ಟು ಎತ್ತುವ ಶಕ್ತಿ ಉಳಿಯುತ್ತದೆ. ಅಷ್ಟರಿಂದ ಹುಡುಗನೊಬ್ಬನನ್ನು ತೇಲಿಸಬಹುದೇ ಎಂದು ಹುಬ್ಬೇರಿಸುವವರು ಇರುತ್ತಾರೆ. ಶ್ವಾಸ ತುಂಬಿಕೊಂಡ ಮೈ ತನ್ನಷ್ಟಕ್ಕೇ ಹೆಚ್ಚುಕಡಿಮೆ ತೇಲುತ್ತದೆ. ಭಾರವಾಗುವುದು ನೀರಿನಿಂದ ಹೊರಗಿಟ್ಟ ತಲೆ, ಅದೊಂದೇ ನಾಲ್ಕು ಕೆ.ಜಿ. ಆಸುಪಾಸು. ಅದರ ಜೊತೆ ಗಾಬರಿಯಲ್ಲಿ ಎರಡು ಕೈಯನ್ನೂ ಮೇಲೆತ್ತಿದರೆ ಆ ಭಾರವೂ ಸೇರಿ ಹುಡುಗ ಗುಳುಂ ಅಂತ ಒಳಗೆ. ಮೆಟ್ಟಿಲ ಮೇಲೆ ನಿಂತ ಮಾವ ‘ಲೇ, ಕೈ ನೀರೊಳಗೇ ಇರ್ಲಿ ಕಣೋ!’ ಎಂದು ಗಂಟಲು ಹರಿದುಕೊಳ್ಳುತ್ತಿದ್ದದ್ದು ಇದಕ್ಕೇ.

ಇನ್ನು ಕಟ್ಟುವ ಜಾಗ. ಸೊಂಟಕ್ಕಿಂತ ಕೆಳಗೆ ಕಟ್ಟಿದರೆ ಕುಂಡೆ ತೇಲಿ ತಲೆ ಮುಳುಗುತ್ತದೆ; ನೋಡುವವರಿಗೆ ನಗು, ಅವನಿಗೆ ಪ್ರಾಣಸಂಕಟ. ಎದೆಗೆ ಕಟ್ಟಿದರೆ ಅಂಗಾತ ಮಗುಚುತ್ತದೆ. ಬೆನ್ನಿನ ಮೇಲೆ, ಪಕ್ಕೆಲುಬು ಮುಗಿಯುವ ಮಟ್ಟದಲ್ಲಿ ಕೂತರೆ ಮೈ ಅಡ್ಡಡ್ಡ ಮಲಗುತ್ತದೆ, ಕಾಲು ಬಡಿಯಲು ಬರುತ್ತದೆ. ಆದರೆ ಇಲ್ಲೊಂದು ಎಡವಟ್ಟಿದೆ: ಬೆನ್ನಿನ ಬುರುಡೆ ಸುಸ್ತಾದವನನ್ನು ಮುಖ ಕೆಳಗಾಗಿಯೇ ತೇಲಿಸುತ್ತದೆ. ಹಾಗಾಗಿ ಮೊದಲ ಕೆಲವು ದಿನ ಎರಡು ಕಂಕುಳ ಕೆಳಗೆ ಒಂದೊಂದು, ಆಮೇಲೆ ಬೆನ್ನಿಗೆ ಒಂದು, ಕೊನೆಗೆ ಹಗ್ಗ ಸಡಿಲ ಬಿಟ್ಟು ಬುರುಡೆ ಪಕ್ಕದಲ್ಲೇ ತೇಲುವಂತೆ ಮಾಡುವುದು. ಹುಡುಗ ಅದು ಕಟ್ಟಿದೆ ಎಂದೇ ನಂಬಿ ಈಜುತ್ತಿರುತ್ತಾನೆ. ಏನೇ ಕಟ್ಟಿದ್ದರೂ ಕಲಿಸುವವನು ಕೈಗೆಟುಕುವ ದೂರದಲ್ಲೇ ಇರಬೇಕು.

ಹಗ್ಗದ ವಿಷಯದಲ್ಲಿ ತಪ್ಪುವವರೇ ಹೆಚ್ಚು. ಹತ್ತಿಯದಾಗಲಿ ನಾರಿನದಾಗಲಿ, ಹುರಿಹಗ್ಗ ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿದಂತೆ ಉದ್ದ ಕಡಿಮೆಯಾಗುತ್ತದೆ. ಒಣಹಗ್ಗದಲ್ಲಿ ಎದೆಗೆ ಸರಿಯಾಗಿ ಬಿಗಿದು ಇಳಿಸಿದರೆ ಹತ್ತು ನಿಮಿಷದಲ್ಲಿ ಉಸಿರಾಡಲು ಕಷ್ಟ. ಮೊದಲು ಹಗ್ಗವನ್ನು ನೆನೆಸಿ, ಆಮೇಲೆ ಎರಡು ಬೆರಳು ತೂರುವಷ್ಟು ಸಡಿಲವಾಗಿ ಕಟ್ಟಬೇಕು. ಜೀರುಗುಣಿಕೆ ಹಾಕಲೇಬಾರದು, ಎಳೆದಷ್ಟೂ ಬಿಗಿಯುತ್ತದೆ. ಗಂಟು ಪಕ್ಕೆಯ ಮೇಲಿರಬೇಕು, ತುದಿ ಎಳೆದರೆ ಬಿಚ್ಚಿಕೊಳ್ಳಬೇಕು. ತೆಂಗಿನ ನಾರಿನ ಹಗ್ಗವಾದರೆ ಕೆಳಗೊಂದು ಹಳೇ ಪಂಚೆ ಸುತ್ತದಿದ್ದರೆ ಕಂಕುಳು ಸುಲಿದು ಹೋಗುತ್ತದೆ.

ಬುರುಡೆ ಸಿಗದ ಕಡೆ ಒಣಗಿದ ಕತ್ತಾಳೆ ದಿಂಡಿತ್ತು, ಬಾಳೆದಿಂಡಿತ್ತು. ಬಾಳೆದಿಂಡು ನಾಲ್ಕು ದಿನದಲ್ಲಿ ನೀರು ಕುಡಿದು ಕೊಳೆಯುತ್ತದೆ. ಆಮೇಲೆ ಲಾರಿ ಟ್ಯೂಬು ಬಂತು. ಅದರ ಮೂತಿ ಪಕ್ಕೆ ಗೀರಿದ ಗುರುತು ಈಗಲೂ ಎಷ್ಟೋ ಜನರ ಮೈಮೇಲಿದೆ. ಇವತ್ತಿಗೆ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು, ಮುಚ್ಚಳ ಭದ್ರವಾಗಿದ್ದರೆ, ಬುರುಡೆಗಿಂತ ಒಳ್ಳೆಯದು. ಹೇಳಿದರೆ ನೆನಪಿನ ಪ್ರಿಯರಿಗೆ ಸಿಟ್ಟು ಬರುತ್ತದೆ. ಬರಲಿ.

ಕದ್ದು ಈಜಿ ಬಂದವರನ್ನು ಹಿಡಿಯುವ ವಿದ್ಯೆಯೂ ಇಷ್ಟೇ ಖಚಿತವಾಗಿತ್ತು. ಅವ್ವ ಹುಡುಗನ ಮುಂಗೈ ಹಿಡಿದು ಉಗುರಿನಲ್ಲಿ ಒಂದು ಗೀರು ಎಳೆಯುತ್ತಿದ್ದಳು. ಬೆಳ್ಳಗೆ ಗೆರೆ ಮೂಡಿದರೆ ತೀರ್ಪು ಮುಗಿಯಿತು. ಗಂಟೆಗಟ್ಟಲೆ ನೀರಿನಲ್ಲಿದ್ದ ಚರ್ಮದ ಜಿಡ್ಡು ತೊಳೆದುಹೋಗಿ, ಒಣಗಿದ ಮೇಲೆ ಹೊರಪದರ ಬಿಳಿಚಿಕೊಂಡಿರುತ್ತದೆ. ಇದಕ್ಕೆ ಹುಡುಗರ ಪ್ರತಿತಂತ್ರ ತಲೆಯ ಎಣ್ಣೆಯನ್ನು ಕೈಗೆ ಉಜ್ಜಿಕೊಳ್ಳುವುದು. ಆದರೆ ತಲೆಯೂ ನೀರಿನಲ್ಲೇ ಇತ್ತಲ್ಲ! ಕೆಂಪು ಕಣ್ಣಿಗಂತೂ ಮದ್ದೇ ಇರಲಿಲ್ಲ.

ಈಗಿನ ಈಜುಕೊಳದಲ್ಲೂ ಕಣ್ಣು ಕೆಂಪಾಗುತ್ತದೆ, ಅದಕ್ಕೆ ಕಾರಣ ಬೇರೆ. ಮೂಗಿಗೆ ಬಡಿಯುವ ಆ ಘಾಟನ್ನು ಜನ ಶುದ್ಧತೆಯ ವಾಸನೆ ಎಂದುಕೊಂಡಿದ್ದಾರೆ. ಬರೀ ಕ್ಲೋರಿನ್‌ಗೆ ಅಷ್ಟು ಘಾಟಿಲ್ಲ. ಅದು ಬೆವರು, ಮೂತ್ರಗಳ ಜೊತೆ ಕೂಡಿದಾಗ ಆಗುವ ಕ್ಲೋರಮೈನ್‌ನ ವಾಸನೆ ಅದು. ಘಾಟು ಹೆಚ್ಚಿದ್ದಷ್ಟೂ ಹಿಂದಿನ ಬ್ಯಾಚಿನವರ ಕೊಡುಗೆ ಹೆಚ್ಚು. ಇದರ ನಡುವೆ ತಲೆಗೆ ಟೋಪಿ ಕಡ್ಡಾಯ. ಕೂದಲು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದಂತೆ, ಒಪ್ಪೋಣ. ಪೂರ್ತಿ ಬೋಳಾದ ತಲೆಗೂ ಕಡ್ಡಾಯ ಯಾಕೆ ಅನ್ನುವುದಕ್ಕೆ ಇವತ್ತಿನವರೆಗೂ ಯಾವ ತರಬೇತುದಾರನೂ ಉತ್ತರ ಕೊಟ್ಟಿಲ್ಲ. ಎದೆ, ಬೆನ್ನಿನ ಮೇಲೆ ಕಾಡು ಬೆಳೆಸಿಕೊಂಡವರಿಗೆ ಮಾತ್ರ ಯಾವ ನಿಯಮವೂ ಇಲ್ಲ.

ಬಾವಿಯ ವಿಷಯ. ಬತ್ತಿದ ಬಾವಿಯೊಳಗೆ ಬಗ್ಗಿ ನೋಡಿದರೆ ಅದರ ಚರಿತ್ರೆ ಗೋಡೆಯ ಮೇಲೇ ಇದೆ. ಮೇಲೆ ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಪಿಲೆಯ ಕಲ್ಲುಕಂಬಗಳು. ಅದಕ್ಕಿಂತ ಸ್ವಲ್ಪ ಕೆಳಗೆ ಮೊದಲ ಪಂಪಿನ ಕಟ್ಟೆ. ಮೇಲಿನಿಂದ ಹೀರುವ ಪಂಪು ನೀರನ್ನು ಎತ್ತುವುದು ವಾತಾವರಣದ ಒತ್ತಡದ ಬಲದಿಂದ. ಪುಸ್ತಕದಲ್ಲಿ ಅದರ ಮಿತಿ 33 ಅಡಿ, ಕೋಲಾರದಂಥ ಎತ್ತರದ ಊರಿನಲ್ಲಿ ಇನ್ನೂ ಕಡಿಮೆ, ಕೆಲಸಕ್ಕೆ ಬರುವುದು ಇಪ್ಪತ್ತರ ಆಸುಪಾಸು. ನೀರು ಅದಕ್ಕಿಂತ ಕೆಳಗಿಳಿದರೆ ಪೈಪಿನ ತುದಿಯ ಫುಟ್‌ವಾಲ್ವ್ ಎಷ್ಟೇ ಹೊಸದಾಗಿದ್ದರೂ ಪಂಪು ಸುಮ್ಮನೆ ತಿರುಗುತ್ತದೆ, ನೀರು ಮೇಲೇರುವುದಿಲ್ಲ. ಆಗ ಗೋಡೆಯಲ್ಲಿ ಇನ್ನೊಂದು ಕಟ್ಟೆ ಕೊರೆದು ಪಂಪನ್ನು ಕೆಳಗಿಳಿಸುತ್ತಿದ್ದರು. ನೀರು ಮತ್ತೆ ಇಳಿಯಿತು, ಮತ್ತೊಂದು ಕಟ್ಟೆ. ಹುಡುಗರಿಗೆ ಇವೆಲ್ಲ ಹಾರುವ ಕಟ್ಟೆಗಳು. ಕೆಳಗಿನದರಿಂದ ಶುರುಮಾಡಿ ಧೈರ್ಯ ಬಂದಂತೆ ಮೇಲಕ್ಕೆ. ಇಪ್ಪತ್ತಡಿಯಿಂದ ಹಾರಿದವನು ನೀರು ಮುಟ್ಟುವಾಗ ಗಂಟೆಗೆ ಸುಮಾರು 40 ಕಿ.ಮೀ. ವೇಗದಲ್ಲಿರುತ್ತಾನೆ. ಹೊಟ್ಟೆ ಕೊಟ್ಟು ಬಿದ್ದವರಿಗೆ ಆ ಲೆಕ್ಕ ಹೇಳಬೇಕಾಗಿಲ್ಲ.

ಕಟ್ಟೆ ಕೊರೆಯಲು ಜಾಗ ಮುಗಿದ ಮೇಲೆ ಬಾವಿಯ ತಳಕ್ಕೇ ಬೋರು ಹಾಕಿದರು. ಆಮೇಲೆ ಬಾವಿಯ ಪಕ್ಕದಲ್ಲೇ ಬೋರು, ಅದರೊಳಗೆ ಸಬ್‌ಮರ್ಸಿಬಲ್ ಮೋಟಾರು. ಸಾವಿರ ಅಡಿ ದಾಟಿ ಇಳಿದು, ಫ್ಲೋರೈಡ್ ತುಂಬಿದ ನೀರನ್ನು ಮೇಲೆ ತಂದರು. ಅಂತರ್ಜಲ ಹತೋಟಿಗೆಂದು 2011ರಲ್ಲಿ ಕಾಯಿದೆ ಬರುವ ಹೊತ್ತಿಗೆ ಎಷ್ಟೋ ಬಾವಿಗಳಲ್ಲಿ ಎಕ್ಕದ ಗಿಡ ಆಳೆತ್ತರ ಬೆಳೆದಿತ್ತು. ಬೋರು ಹಾಕಿಸಿದವರು ಯಾರು? ಅಳುಮುಖ ಕಳಿಸುತ್ತಿರುವವರ ಅಪ್ಪ, ಚಿಕ್ಕಪ್ಪಂದಿರು, ಕೆಲವು ಕಡೆ ಅವರೇ. ಟೊಮೆಟೊ ಬೆಳೆದು ಮಕ್ಕಳನ್ನು ಓದಿಸಬೇಕಿತ್ತು, ತಪ್ಪೇನಿಲ್ಲ. ಆದರೆ ಬಾವಿಯನ್ನು ಯಾರೋ ಪರದೇಶದವರು ಕದ್ದುಕೊಂಡು ಹೋದರು ಎಂಬಂತೆ ನಿಟ್ಟುಸಿರು ಬಿಡುವುದಿದೆಯಲ್ಲ, ಅದನ್ನು ನೋಡಿದರೆ ಮೈ ಉರಿಯುತ್ತದೆ.

ಸೋಜಿಗವೆಂದರೆ ಕೋಲಾರದ ಕೆಲವು ಬಾವಿಗಳಿಗೆ ಮತ್ತೆ ನೀರು ಬಂದಿದೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಸಂಸ್ಕರಿಸಿ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆ 2018ರಲ್ಲಿ ಶುರುವಾಯಿತು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಎಂಬುದು ಯೋಜನೆಯ ಲೆಕ್ಕ. ಆ ವರ್ಷವೇ ಕೆರೆಯಲ್ಲಿ ನೊರೆ ಎದ್ದು ವಿಷಯ ಹೈಕೋರ್ಟಿಗೆ ಹೋಯಿತು, ಆಮೇಲೆ ನೀರು ಮತ್ತೆ ಹರಿಯಿತು. ಕೆರೆ ತುಂಬಿದಂತೆ ಕೆಳಗಿನ ಬಾವಿಗಳ ಒರತೆ ತೆರೆದುಕೊಂಡಿತು. ಅಂದರೆ ಬೆಂಗಳೂರಿಗೆ ಹೋಗಿ ನೆಲೆಸಿ ಊರ ಬಾವಿಗಾಗಿ ಹಂಬಲಿಸುತ್ತಿದ್ದವರು ತಮಗೇ ತಿಳಿಯದಂತೆ ಅದನ್ನು ತುಂಬಿಸುತ್ತಿದ್ದಾರೆ, ದಿನಾ ಬೆಳಗ್ಗೆ, ತಪ್ಪದೆ.

ನೀರು ಬಂತೆಂದು ಹಾಗೇ ಹಾರುವಂತಿಲ್ಲ. ಮೂರನೇ ಹಂತದ ಸಂಸ್ಕರಣೆ ಇಲ್ಲದ ನೀರು ಮೈಗೆ, ಬಾಯಿಗೆ ಹೇಳಿಸಿದ್ದಲ್ಲ. ಮಳೆಯಿಂದಲೇ ತುಂಬಿದ ಬಾವಿಯಾದರೂ ಇಪ್ಪತ್ತು ವರ್ಷ ಪಾಳು ಬಿದ್ದ ತಳದಲ್ಲಿ ಒಡೆದ ಬಾಟಲಿ, ಜಾಲಿಮುಳ್ಳು, ಹಳೇ ಪಂಪಿನ ಕಬ್ಬಿಣ ಎಲ್ಲ ಇರುತ್ತದೆ. ಮೊದಲು ಹಗ್ಗಕ್ಕೆ ಕಲ್ಲು ಕಟ್ಟಿ ನಾಲ್ಕೂ ಮೂಲೆಯಲ್ಲಿ ಆಳ ನೋಡಬೇಕು, ಕೊಕ್ಕೆಗಳ ಪಾತಾಳಗರಡಿ ಬಿಟ್ಟು ತಳ ಜಾಲಾಡಬೇಕು. ಒಳಗೆ ಮೋಟಾರಿನ ವೈರು ಇಳಿದಿದ್ದರೆ ಆ ಬಾವಿಯ ಆಸೆ ಬಿಡಬೇಕು, ಕರೆಂಟ್ ಇಲ್ಲದ ಹೊತ್ತಲ್ಲೂ. ಎಷ್ಟು ಹೊತ್ತಿಗೆ ಬರುತ್ತದೆಂದು ಯಾರು ಬಲ್ಲರು.

ಕಿವಿಯಲ್ಲಿ ನೀರು ನಿಂತರೆ ಏನು ಮಾಡಬೇಕೆಂಬುದೊಂದು ಬಾಕಿ. ಆ ಕಡೆಗೇ ತಲೆ ವಾಲಿಸಿ ಒಂಟಿಕಾಲಲ್ಲಿ ಕುಣಿಯಬೇಕು. ಹೊರಗೆ ಬರದಿದ್ದರೆ ಬಿಸಿಲಿಗೆ ಕಾದ ನುಣುಪು ಕಲ್ಲೊಂದನ್ನು, ಸುಡುವುದಿಲ್ಲ ಎಂದು ಕೆನ್ನೆಗೆ ತಾಗಿಸಿ ನೋಡಿಕೊಂಡು, ಕಿವಿಗೆ ಆನಿಸಿ ಮಲಗಬೇಕು. ಬೆಂಕಿಕಡ್ಡಿ ಹಾಕಬಾರದು.